ಕೆಲಸ ನಿಲ್ಲಿಸಿದರೆ ಸಾಲದು, ಬಾಗಿಲೂ ಹಾಕಬೇಕು: ಲಿನಕ್ಸ್ ವರ್ಕ್‌ಕ್ಯೂನ ಡಿಸೇಬಲ್ ಸೌಲಭ್ಯದ ವಿಮರ್ಶೆ

ಕರ್ನಲ್ ಡ್ರೈವರ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲಿದ್ದು ಒಂದು ಸಾಧನವನ್ನು ನಡೆಸುವ ಕೋಡ್‌ನಲ್ಲಿ, ಹಿನ್ನೆಲೆ ಕೆಲಸವೊಂದನ್ನು ಸಾಲಿಗೆ ಹಚ್ಚಲು ಒಂದೇ ಸಾಲಿನ ಕೋಡ್ ಸಾಕು. ಅದನ್ನು ತಪ್ಪಿಲ್ಲದೆ ರದ್ದು ಮಾಡುವುದೇ ಕಷ್ಟದ ಪಾಲು. ಸಾಧನ ಕಿತ್ತ ಮೇಲೆ, ಮಾಡ್ಯೂಲ್ ಇಳಿಸಿದ ಮೇಲೆ, ಮೆಮೊರಿ ಬಿಟ್ಟುಕೊಟ್ಟ ಮೇಲೆ ಎಲ್ಲಿಂದಲೋ ಆ ಕೆಲಸ ಎದ್ದು ಬಂದು, ಇಲ್ಲದ ಮೆಮೊರಿಯನ್ನು ಮುಟ್ಟಿ ಯಂತ್ರವನ್ನೇ ಮಲಗಿಸುತ್ತದೆ. ಈ ತರಹದ ಬಗ್‌ಗಳನ್ನು ಹುಡುಕುವುದಕ್ಕೆ ದಿನಗಟ್ಟಲೆ ಬೇಕು, ಸರಿಪಡಿಸಿದ್ದೇವೆ ಎಂದು ನಂಬುವುದಕ್ಕೆ ಇನ್ನಷ್ಟು ದಿನ.

ಇಂಥ ಕೆಲಸಗಳನ್ನು ಸಾಲಿನಲ್ಲಿಟ್ಟು, ವರ್ಕರ್ ಥ್ರೆಡ್‌ಗಳ ಕೈಯಲ್ಲಿ ಆಮೇಲೆ ಓಡಿಸುವ ಲಿನಕ್ಸ್‌ನ ವರ್ಕ್‌ಕ್ಯೂ 2002ರಿಂದ ಇದೆ. ಈಗ ನಾವು ಬಳಸುವ ರೂಪ ತೇಜುನ್ ಹಿಯೋ ಅವರ ಕೈಯಲ್ಲಿ 2010ರ 2.6.36 ಆವೃತ್ತಿಗೆ ಬಂದದ್ದು. ಅದರ ರದ್ದತಿಯ ಭಾಗಕ್ಕೆ 2024ರ ಜುಲೈನಲ್ಲಿ ಹೊರಬಂದ 6.10ರಲ್ಲಿ ದೊಡ್ಡ ರಿಪೇರಿ ಆಯಿತು. ಡಿಸೇಬಲ್_ವರ್ಕ್, ಡಿಸೇಬಲ್_ವರ್ಕ್_ಸಿಂಕ್, ಎನೇಬಲ್_ವರ್ಕ್ ಮತ್ತು ಡಿಲೇಡ್ ವರ್ಕ್‌ಗೆ (ಟೈಮರ್ ಇಟ್ಟು ತಡವಾಗಿ ಓಡಿಸುವ ಕೆಲಸಕ್ಕೆ) ಅವುಗಳ ಜೋಡಿಗಳು ಸೇರಿದವು. ಡಿಸೇಬಲ್ ಎಂದರೆ ಕೆಲಸವನ್ನು ರದ್ದು ಮಾಡಿ, ಎನೇಬಲ್ ಮಾಡುವವರೆಗೆ ಮತ್ತೆ ಸಾಲಿಗೆ ಹಚ್ಚದಂತೆ ತಡೆಯುವುದು; ಹೆಸರಿನ ಕೊನೆಯ ಸಿಂಕ್ ಎಂದರೆ ಓಡುತ್ತಿರುವ ಕೆಲಸ ಮುಗಿಯುವವರೆಗೆ ಕಾಯುವ ರೂಪ. ಹಳೆಯ ಕ್ಯಾನ್ಸಲ್ ಫಂಕ್ಷನ್‌ಗಳ ಒಳಗನ್ನೂ ಇದೇ ಅಡಿಪಾಯದ ಮೇಲೆ ಹೊಸದಾಗಿ ಕಟ್ಟಿದರು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ನಿಮ್ಮ ಡ್ರೈವರ್‌ನ ಕೆಲಸವನ್ನು ಒಂದಕ್ಕಿಂತ ಹೆಚ್ಚು ಕಡೆಯಿಂದ, ಅಂದರೆ ಇಂಟರಪ್ಟ್ (ಸಾಧನ ಸಿಪಿಯುಗೆ ಕಳಿಸುವ ಕರೆ), ಟೈಮರ್, ಸಿಸ್‌ಎಫ್‌ಎಸ್ ಫೈಲ್ (ಬಳಕೆದಾರರು ಕರ್ನಲ್ ಜೊತೆ ಮಾತಾಡುವ ಫೈಲ್), ಇನ್ನೊಂದು ಕೆಲಸ ಹೀಗೆ ಬೇರೆ ಬೇರೆ ಕಡೆಯಿಂದ ಸಾಲಿಗೆ ಹಚ್ಚುವುದಾದರೆ ಈ ಸೌಲಭ್ಯಕ್ಕೆ ಹೊರಳಿಕೊಳ್ಳಿ, ತಡಮಾಡಬೇಡಿ. ಆದರೆ ಫೈಲ್ ತುಂಬಾ ಕ್ಯಾನ್ಸಲ್ ಇದ್ದಲ್ಲೆಲ್ಲ ಡಿಸೇಬಲ್ ಎಂದು ಒಂದೇ ಏಟಿಗೆ ಬದಲಿಸುವವರು ಒಂದು ಬಗ್ ತೆಗೆದು ಇನ್ನೊಂದನ್ನು ಹಾಕುತ್ತಾರೆ.

ಹಳೆಯ ಭರವಸೆ ಎಲ್ಲಿಯವರೆಗೆ

ಕ್ಯಾನ್ಸಲ್_ವರ್ಕ್_ಸಿಂಕ್ 2007ರ 2.6.22ರಿಂದ ಇದೆ. ಅದು ಕೊಡುವ ಮಾತು ಇಷ್ಟು: ನಾನು ಹಿಂದಿರುಗುವ ಹೊತ್ತಿಗೆ ಈ ಕೆಲಸ ಸಾಲಿನಲ್ಲೂ ಇಲ್ಲ, ಯಾವ ಸಿಪಿಯು ಮೇಲೆ ಓಡುತ್ತಲೂ ಇಲ್ಲ. ಕೆಲಸ ತನ್ನನ್ನು ತಾನೇ ಮತ್ತೆ ಸಾಲಿಗೆ ಹಚ್ಚಿಕೊಳ್ಳುವ ಬಗೆಯದ್ದಾದರೂ ಈ ಮಾತು ನಿಲ್ಲುತ್ತದೆ. ಆದರೆ ಆ ಮಾತು ಹಿಂದಿರುಗುವ ಕ್ಷಣಕ್ಕಷ್ಟೇ. ಮರುಕ್ಷಣ ಬೇರೆ ಯಾರಾದರೂ ಕ್ಯೂ_ವರ್ಕ್ (ಸಾಲಿಗೆ ಹಚ್ಚುವ ಫಂಕ್ಷನ್) ಕರೆದರೆ ಕೆಲಸ ಮತ್ತೆ ಸಾಲಿನಲ್ಲಿರುತ್ತದೆ, ತಡೆಯುವವರಿಲ್ಲ.

ಇದು ಯಾಕೆ ಹೀಗೆ ಎನ್ನುವುದಕ್ಕೆ ಒಂದು ಬಿಟ್ ನೋಡಬೇಕು. ಪ್ರತಿ ಕೆಲಸವನ್ನು ಹಿಡಿದಿಡುವ ರಚನೆಯಾದ ವರ್ಕ್_ಸ್ಟ್ರಕ್ಟ್‌ನಲ್ಲಿ ಮುಖ್ಯವಾಗಿ ಮೂರು ಅಂಗ: ಡೇಟಾ ಎಂಬ ಒಂದು ಪದ (ಯಂತ್ರ ಒಂದೇ ಏಟಿಗೆ ಓದಿ ಬರೆಯುವ ಬಿಟ್‌ಗಳ ಗುಂಪು), ಪಟ್ಟಿಗೆ ಸೇರಿಸುವ ಕೊಂಡಿ, ಓಡಿಸಬೇಕಾದ ಫಂಕ್ಷನ್‌ನ ವಿಳಾಸ. 64 ಬಿಟ್ ಯಂತ್ರದಲ್ಲಿ, ಡೀಬಗ್ ಆಯ್ಕೆಗಳಿಲ್ಲದೆ, ಒಟ್ಟು 32 ಬೈಟ್. ಡೇಟಾ ಪದದ ಒಂದು ಬಿಟ್ ಪೆಂಡಿಂಗ್. ಅದನ್ನು ಸೊನ್ನೆಯಿಂದ ಒಂದು ಮಾಡಿದವರಿಗೆ ಆ ಹೊತ್ತಿಗೆ ಕೆಲಸದ ಒಡೆತನ. ವರ್ಕರ್ ಥ್ರೆಡ್ ಕೆಲಸವನ್ನು ಕೈಗೆತ್ತಿಕೊಂಡು, ಫಂಕ್ಷನ್ ಕರೆಯುವುದಕ್ಕೆ ಮುಂಚೆಯೇ ಪೆಂಡಿಂಗ್ ಬಿಟ್ಟನ್ನು ಅಳಿಸುತ್ತದೆ. ಹಾಗಾಗಿ ಕೆಲಸ ಓಡುತ್ತಿರುವಾಗಲೇ ಅದನ್ನು ಮತ್ತೊಮ್ಮೆ ಸಾಲಿಗೆ ಹಚ್ಚಬಹುದು. ಒಂದೇ ಕೆಲಸ ಎರಡು ಸಿಪಿಯುಗಳಲ್ಲಿ ಒಟ್ಟಿಗೆ ಓಡದು, ಆದರೆ ಒಂದು ಓಡುತ್ತಾ ಇನ್ನೊಂದು ಸರದಿ ಕಾಯುತ್ತಾ ಇರಬಹುದು. ರದ್ದು ಮಾಡುವವರು ಇವೆರಡನ್ನೂ ಹಿಡಿಯಬೇಕು: ಕಾಯುತ್ತಿರುವುದನ್ನು ಕಸಿದುಕೊಳ್ಳಬೇಕು, ಓಡುತ್ತಿರುವುದು ಮುಗಿಯುವವರೆಗೆ ನಿಲ್ಲಬೇಕು. ಹಳೆಯ ಫಂಕ್ಷನ್ ಪೆಂಡಿಂಗ್ ಬಿಟ್ಟನ್ನು ತಾನೇ ಹಿಡಿದುಕೊಂಡು ಕಾಯುತ್ತಿತ್ತು, ಅದಕ್ಕೇ ಮರುಹಚ್ಚುವಿಕೆ ಆಗುತ್ತಿರಲಿಲ್ಲ. ಕಾದಾದ ಮೇಲೆ ಬಿಟ್ಟನ್ನು ಬಿಡಲೇಬೇಕಲ್ಲ. ಬಿಟ್ಟ ಕೂಡಲೇ ಬಾಗಿಲು ತೆರೆದಂತೆ.

ಸಾಮಾನ್ಯವಾಗಿ ಕಾಣುವ ಅಪಘಾತವನ್ನು ನಿಧಾನಕ್ಕೆ ಓಡಿಸಿ ನೋಡಿ. ಸಿಪಿಯು 0ರಲ್ಲಿ ರಿಮೂವ್ ಫಂಕ್ಷನ್ (ಸಾಧನ ಕಿತ್ತಾಗ ಡ್ರೈವರ್ ಓಡಿಸುವುದು) ಕ್ಯಾನ್ಸಲ್_ವರ್ಕ್_ಸಿಂಕ್ ಕರೆಯಿತು, ಅದು ಫಾಲ್ಸ್ ಕೊಟ್ಟಿತು, ಅಂದರೆ ಸಾಲಿನಲ್ಲಿ ಏನೂ ಇರಲಿಲ್ಲ. ಅದೇ ಹೊತ್ತಿಗೆ ಸಿಪಿಯು 1ರಲ್ಲಿ ಸಾಧನದಿಂದ ಕೊನೆಯ ಇಂಟರಪ್ಟ್ ಬಂತು, ಅದಕ್ಕೆ ಓಗೊಡುವ ಫಂಕ್ಷನ್ ಆದ ಹ್ಯಾಂಡ್ಲರ್ ಕ್ಯೂ_ವರ್ಕ್ ಕರೆಯಿತು. ಸಿಪಿಯು 0 ಮುಂದೆ ಹೋಗಿ ಇಂಟರಪ್ಟ್ ಬಿಡಿಸಿತು, ಕೆಫ್ರೀ ಕರೆದು ಮೆಮೊರಿ ಬಿಟ್ಟುಕೊಟ್ಟಿತು. ಆಮೇಲೆ ವರ್ಕರ್ ಎದ್ದು ಕೆಲಸ ಎತ್ತಿಕೊಂಡರೆ ಅಲ್ಲಿರುವುದು ಬಿಟ್ಟುಕೊಟ್ಟ ಮೆಮೊರಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಇಂಟರಪ್ಟನ್ನು ನಂತರ ಬಿಡಿಸಿದ್ದರಿಂದ ಏನೂ ಉಪಯೋಗವಾಗಲಿಲ್ಲ. ಇದು ಹಲಗೆಯ ಮೇಲಿನ ಲೆಕ್ಕ ಮಾತ್ರವಲ್ಲ. ಬ್ಲೂಟೂತ್ ಎಸ್‌ಡಿಐಒ ಡ್ರೈವರ್‌ನ ರಿಮೂವ್ ಫಂಕ್ಷನ್‌ಗೆ ಬಂದ ಸಿವಿಇ-2023-1989 ಎಂಬ ಭದ್ರತಾ ದೋಷ ಇದೇ ಕುಲದ್ದು: ಕೆಲಸ ಮುಗಿಯದಿರುವಾಗಲೇ ರಿಮೂವ್ ಓಡಿದರೆ ಬಿಟ್ಟುಕೊಟ್ಟ ಸಾಧನದ ರಚನೆಯನ್ನು ಕೆಲಸ ಮುಟ್ಟುತ್ತಿತ್ತು.

ಇದಕ್ಕೆ ಡ್ರೈವರ್‌ಗಳು ಇಷ್ಟು ವರ್ಷ ಮಾಡಿಕೊಂಡ ಮನೆಮದ್ದು ಒಂದು ಬೂಲಿಯನ್. ಹೋಗುತ್ತಿದ್ದೇನೆ ಎಂದು ಹೇಳುವ ಫ್ಲ್ಯಾಗ್ ಇಟ್ಟು, ಹಚ್ಚುವ ಮುಂಚೆ ಅದನ್ನು ನೋಡುವುದು. ಲಾಕ್ (ಒಂದು ಸಲಕ್ಕೆ ಒಬ್ಬರನ್ನೇ ಒಳಬಿಡುವ ಬೀಗ) ಇಲ್ಲದೆ ಈ ಮದ್ದು ಕೆಲಸ ಮಾಡುವುದಿಲ್ಲ. ಹ್ಯಾಂಡ್ಲರ್ ಫ್ಲ್ಯಾಗ್ ನೋಡಿದ ಮೇಲೆ, ಕ್ಯೂ_ವರ್ಕ್ ಕರೆಯುವ ಮುಂಚೆ, ಮಧ್ಯದಲ್ಲಿ ಇನ್ನೊಂದು ಸಿಪಿಯು ಫ್ಲ್ಯಾಗ್ ಏರಿಸಿ ರದ್ದು ಮಾಡಿ ಮುಗಿಸಿರಬಹುದು. ಸರಿಯಾಗಿ ಮಾಡಬೇಕಾದರೆ ನೋಡುವುದು ಮತ್ತು ಹಚ್ಚುವುದು ಎರಡೂ ಒಂದೇ ಸ್ಪಿನ್‌ಲಾಕ್ ಒಳಗಿರಬೇಕು, ಏರಿಸುವುದೂ ಅದೇ ಲಾಕ್ ಒಳಗೆ. ಹತ್ತು ಕಡೆ ಹಚ್ಚುವ ಡ್ರೈವರ್‌ನಲ್ಲಿ ಒಂಬತ್ತು ಕಡೆ ಹೀಗೆ ಮಾಡಿ ಹತ್ತನೆಯದನ್ನು ಮರೆತರೆ ಅಷ್ಟೇ ಸಾಕು.

ಒಳಗೆ ಏನು ಬದಲಾಯಿತು

ಈ ರೀಫ್ಯಾಕ್ಟರಿಂಗ್‌ನ (ಒಳಗಿನ ಮರುಕಟ್ಟುವಿಕೆಯ) ಅಚ್ಚುಕಟ್ಟು ಇರುವುದು ಇಲ್ಲಿ. ಹಳೆಯ ವ್ಯವಸ್ಥೆಯಲ್ಲಿ ಒಂದೇ ಕೆಲಸವನ್ನು ಇಬ್ಬರು ಒಟ್ಟಿಗೆ ರದ್ದು ಮಾಡಲು ಬಂದರೆ ಗೊಂದಲ. ಒಬ್ಬರು ಪೆಂಡಿಂಗ್ ಹಿಡಿದು, ರದ್ದಾಗುತ್ತಿದೆ ಎಂಬ ಇನ್ನೊಂದು ಗುರುತು ಹಾಕಿ ಕಾಯುತ್ತಾರೆ. ಎರಡನೆಯವರು ಏನು ಮಾಡಬೇಕು? ಮೊದಲು ಇದ್ದ ಉತ್ತರ: ಕೆಲಸ ಮುಗಿಯುವವರೆಗೆ ಫ್ಲಶ್ ಮಾಡಿ, ಅಂದರೆ ಕಾದು, ಮತ್ತೆ ಪ್ರಯತ್ನಿಸು. ಇದರಲ್ಲಿ ಒಂದು ಬಲೆ ಇತ್ತು, 2015ರಲ್ಲಿ ಅದನ್ನು ಸರಿಪಡಿಸಿದರು. ಮೊದಲನೆಯವರನ್ನು ಕೆಲಸ ಮುಗಿಯಿತೆಂದು ಎಬ್ಬಿಸಲಾಗಿದೆ, ಆದರೆ ಅವರಿಗೆ ಇನ್ನೂ ಸಿಪಿಯು ಸಿಕ್ಕಿಲ್ಲ. ಅಷ್ಟರಲ್ಲಿ ಎರಡನೆಯವರು ಬರುತ್ತಾರೆ. ಗುರುತು ಇನ್ನೂ ಇದೆ, ಹಿಡಿಯಲಾಗದು. ಫ್ಲಶ್ ಮಾಡಿದರೆ ಓಡುತ್ತಿರುವುದೇನೂ ಇಲ್ಲವಲ್ಲ, ತಕ್ಷಣ ಹಿಂದಿರುಗುತ್ತದೆ. ಮತ್ತೆ ಪ್ರಯತ್ನ, ಮತ್ತೆ ಫ್ಲಶ್. ಪ್ರಿಎಂಪ್ಷನ್ (ಓಡುತ್ತಿರುವವರನ್ನು ಮಧ್ಯದಲ್ಲಿ ತಡೆದು ಸಿಪಿಯುವನ್ನು ಬೇರೆಯವರಿಗೆ ಕೊಡುವುದು) ಇಲ್ಲದ ಕರ್ನಲ್‌ನಲ್ಲಿ, ಇಲ್ಲವೇ ಎರಡನೆಯವರು ರಿಯಲ್‌ಟೈಮ್ ಆದ್ಯತೆಯವರಾದರೆ, ಮೊದಲನೆಯವರಿಗೆ ಸಿಪಿಯು ಸಿಗುವುದೇ ಇಲ್ಲ, ಗುರುತು ಅಳಿಯುವುದೇ ಇಲ್ಲ. ಯಂತ್ರ ಅಲ್ಲೇ ಸುತ್ತುತ್ತಾ ನಿಲ್ಲುತ್ತದೆ. ಪರಿಹಾರವಾಗಿ ಇದಕ್ಕೆಂದೇ ಒಂದು ವೇಟ್‌ಕ್ಯೂ (ಕಾಯುವವರ ಸಾಲು), ಅದಕ್ಕೊಂದು ವಿಶೇಷ ಎಬ್ಬಿಸುವ ಫಂಕ್ಷನ್ ಬಂತು. ಕೆಲಸ ನಡೆಯಿತು, ಕೋಡ್ ತೊಡಕಾಯಿತು.

6.10ರಲ್ಲಿ ಈ ಇಡೀ ಕಟ್ಟು ಹೋಯಿತು. ರದ್ದಾಗುತ್ತಿದೆ ಎಂಬ ಒಂದು ಬಿಟ್‌ನ ಜಾಗದಲ್ಲಿ ಎಣಿಕೆ ಬಂತು. ಕೆಲಸ ಸಾಲಿನಲ್ಲಿ ಇಲ್ಲದಾಗ ಡೇಟಾ ಪದದಲ್ಲಿ ಹೇಗೂ ಖಾಲಿ ಬಿಟ್‌ಗಳಿರುತ್ತವೆ. ಅದರಲ್ಲಿ 16 ಬಿಟ್‌ಗಳನ್ನು ಡಿಸೇಬಲ್ ಎಣಿಕೆಗೆ ಕೊಟ್ಟರು, ರಚನೆ ಒಂದು ಬೈಟೂ ದಪ್ಪವಾಗಲಿಲ್ಲ. ಡಿಸೇಬಲ್ ಮಾಡುವವರು ಮೊದಲು ಪೆಂಡಿಂಗ್ ಕಸಿದು, ಎಣಿಕೆಯನ್ನು ಒಂದು ಏರಿಸಿ, ಪೆಂಡಿಂಗ್ ಬಿಡುತ್ತಾರೆ. ಕ್ಯೂ_ವರ್ಕ್ ಪೆಂಡಿಂಗ್ ಹಿಡಿದ ಮೇಲೆ ಎಣಿಕೆಯನ್ನು ನೋಡುತ್ತದೆ. ಸೊನ್ನೆ ಅಲ್ಲದಿದ್ದರೆ ಪೆಂಡಿಂಗ್ ವಾಪಸು ಅಳಿಸಿ ಫಾಲ್ಸ್ ಕೊಡುತ್ತದೆ. ಈಗ ಕ್ಯಾನ್ಸಲ್_ವರ್ಕ್_ಸಿಂಕ್ ಎಂದರೆ ಡಿಸೇಬಲ್ ಮಾಡು, ಓಡುತ್ತಿರುವುದು ಮುಗಿಯಲಿ, ಎನೇಬಲ್ ಮಾಡು ಎಂಬ ಮೂರು ಹೆಜ್ಜೆ. ಇಬ್ಬರು ಬಂದರೆ ಎಣಿಕೆ ಎರಡಾಗುತ್ತದೆ, ಮೂವರು ಬಂದರೆ ಮೂರು. ಯಾರೂ ಯಾರಿಗೂ ಕಾಯಬೇಕಿಲ್ಲ. ವಿಶೇಷ ವೇಟ್‌ಕ್ಯೂನ ಅಗತ್ಯವೇ ಇಲ್ಲವಾಯಿತು. ಹೊಸ ಸೌಲಭ್ಯ ಸೇರಿಸುತ್ತಲೇ ಹಳೆಯ ತೊಡಕನ್ನು ಬಿಡಿಸುವ ಇಂಥ ಬದಲಾವಣೆ ಅಪರೂಪ. ಹಿನ್ನೆಲೆ ಕೆಲಸಗಳ ಯಾವುದೇ ವ್ಯವಸ್ಥೆ ಕಟ್ಟುವವರು, ಕರ್ನಲ್ ಅಲ್ಲದಿದ್ದರೂ, ಕರ್ನಲ್/ವರ್ಕ್‌ಕ್ಯೂ.ಸಿ ಫೈಲ್‌ನ ಈ ಭಾಗವನ್ನು ಓದಬೇಕು. ಬಿಟ್‌ನ ಬದಲು ಎಣಿಕೆ ಎನ್ನುವ ಒಂದೇ ಯೋಚನೆ ಎಷ್ಟು ಕೋಡನ್ನು ಅಳಿಸುತ್ತದೆ ಎನ್ನುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಬದಲಾಯಿಸುವ ಬಗೆ

ಮೊದಲು ಪಟ್ಟಿ. ಆ ಕೆಲಸವನ್ನು ಎಲ್ಲೆಲ್ಲಿ ಹಚ್ಚುತ್ತಾರೆ ಎಂದು ಹುಡುಕಿ: ಸ್ಕೆಡ್ಯೂಲ್_ವರ್ಕ್, ಕ್ಯೂ_ವರ್ಕ್, ಕ್ಯೂ_ಡಿಲೇಡ್_ವರ್ಕ್, ಮಾಡ್_ಡಿಲೇಡ್_ವರ್ಕ್ ನಾಲ್ಕನ್ನೂ. ನಂತರ ಎಲ್ಲೆಲ್ಲಿ ರದ್ದು ಮಾಡುತ್ತಾರೆ ಎಂದು ಹುಡುಕಿ, ಪ್ರತಿಯೊಂದರ ಪಕ್ಕದಲ್ಲೂ ಉದ್ದೇಶ ಬರೆದುಕೊಳ್ಳಿ. ಉದ್ದೇಶ ಮೂರರಲ್ಲಿ ಒಂದಾಗಿರುತ್ತದೆ.

ಶಾಶ್ವತವಾಗಿ ಮುಚ್ಚುವುದಾದರೆ, ಅಂದರೆ ರಿಮೂವ್ ಮತ್ತು ಪ್ರೋಬ್ (ಸಾಧನ ಸಿಕ್ಕಾಗ ಡ್ರೈವರ್ ಮಾಡುವ ಸಿದ್ಧತೆ) ಕೆಟ್ಟಾಗಿನ ದಾರಿಯಲ್ಲಿ, ಡಿಸೇಬಲ್_ವರ್ಕ್_ಸಿಂಕ್ ಅಥವಾ ಡಿಸೇಬಲ್_ಡಿಲೇಡ್_ವರ್ಕ್_ಸಿಂಕ್. ಇದಕ್ಕೆ ಎನೇಬಲ್ ಬೇಕಿಲ್ಲ. ತಾತ್ಕಾಲಿಕವಾಗಿ ನಿಲ್ಲಿಸುವುದಾದರೆ, ಸಸ್ಪೆಂಡ್ ಅಥವಾ ನೆಟ್‌ವರ್ಕ್ ಇಂಟರ್ಫೇಸ್ ಇಳಿಸುವಾಗ, ಡಿಸೇಬಲ್ ಹಾಕಿ, ರೆಸ್ಯೂಮ್ ಅಥವಾ ಓಪನ್‌ನಲ್ಲಿ ಜೋಡಿ ಎನೇಬಲ್ ಹಾಕಿ. ಮೂರನೆಯದು ಬರೀ ಸರದಿ ತಪ್ಪಿಸುವುದು: ಗುಂಡಿ ಒತ್ತಿದ್ದು ಬಿಟ್ಟಿತು, ಹಳೆಯ ಡಿಬೌನ್ಸ್ (ಗುಂಡಿಯ ಅದುರು ನಿಲ್ಲಲೆಂದು ಕಾಯುವುದು) ಬೇಡ, ಹೊಸದು ಬರಲಿ ಎನ್ನುವಂಥದ್ದು. ಇಲ್ಲಿ ಕ್ಯಾನ್ಸಲ್ ಇದ್ದ ಹಾಗೇ ಇರಲಿ. ಇಲ್ಲಿ ಡಿಸೇಬಲ್ ಹಾಕಿದರೆ ಗುಂಡಿ ಒಂದು ಸಲ ಕೆಲಸ ಮಾಡಿ ಆಮೇಲೆ ಸುಮ್ಮನಾಗುತ್ತದೆ, ಯಾವ ಎಚ್ಚರಿಕೆಯೂ ಲಾಗ್‌ನಲ್ಲಿ ಬರುವುದಿಲ್ಲ. ಕುರುಡಾಗಿ ಬದಲಿಸಬೇಡಿ ಎಂದದ್ದು ಇದಕ್ಕೇ.

ಕೆಲಸದ ರಚನೆಯನ್ನು ಮೊದಲಿಗೆ ಸಿದ್ಧಗೊಳಿಸುವ ಇನಿಟ್_ವರ್ಕ್ ಎಲ್ಲಿದೆ ನೋಡಿ. ಅದು ಪ್ರೋಬ್‌ನಲ್ಲಿ ಒಂದೇ ಸಲ, ಇಂಟರಪ್ಟ್ ಕೋರುವ ಮುಂಚೆ ಇರಬೇಕು. ಕೆಲವು ಡ್ರೈವರ್‌ಗಳು ಓಪನ್ ಆದಾಗಲೆಲ್ಲ ಇನಿಟ್_ವರ್ಕ್ ಮಾಡುತ್ತವೆ. ಹಾಗೆ ಮಾಡಿದರೆ ಡಿಸೇಬಲ್ ಎಣಿಕೆಯೂ ಸೊನ್ನೆಗೆ ಹೋಗುತ್ತದೆ, ನಂತರ ಬರುವ ಎನೇಬಲ್ ಎಣಿಕೆಯನ್ನು ಸೊನ್ನೆಗಿಂತ ಕೆಳಗೆ ಇಳಿಸಲು ಹೋಗಿ ಕರ್ನಲ್ ಎಚ್ಚರಿಕೆ ಮುದ್ರಿಸುತ್ತದೆ. ಇನಿಟ್ ಆಗದ ಕೆಲಸವನ್ನು ರದ್ದು ಮಾಡಿದರೂ ಎಚ್ಚರಿಕೆ ಬರುತ್ತದೆ. ಪ್ರೋಬ್ ಅರ್ಧಕ್ಕೆ ಕೆಟ್ಟು ಸಾಮಾನ್ಯ ಸ್ವಚ್ಛತಾ ಫಂಕ್ಷನ್‌ಗೆ ಹಾರುವ ಕೋಡ್‌ನಲ್ಲಿ ಇದು ತುಂಬಾ ಸಾಮಾನ್ಯ. ಓಪನ್ ಆಗುವವರೆಗೆ ಕೆಲಸ ಓಡಲೇಬಾರದು ಎಂದಿದ್ದರೆ ಇನಿಟ್ ಮಾಡಿದ ಮುಂದಿನ ಸಾಲಿನಲ್ಲೇ ಡಿಸೇಬಲ್_ವರ್ಕ್ ಹಾಕಿ, ಓಪನ್‌ನಲ್ಲಿ ಎನೇಬಲ್ ಮಾಡಿ. ಒಳ್ಳೆಯ ಕ್ರಮ ಇದು.

ಇಷ್ಟಾದ ಮೇಲೆ ಮನೆಮದ್ದಿನ ಫ್ಲ್ಯಾಗ್ ತೆಗೆಯಬಹುದು. ಆದರೆ ಅದನ್ನು ಬೇರೆ ಪ್ಯಾಚ್ ಮಾಡಿ. ಆ ಫ್ಲ್ಯಾಗನ್ನು ಕೆಲಸದ ಫಂಕ್ಷನ್ ಒಳಗೂ ನೋಡುತ್ತಿದ್ದರೆ ತೆಗೆಯುವಂತಿಲ್ಲ, ಅದರ ಕಾರಣ ಕೆಳಗೆ ಬರುತ್ತದೆ.

ಮುಚ್ಚುವ ಕ್ರಮ

ಡಿಸೇಬಲ್ ಬಂದಿದೆಯಲ್ಲ, ಇನ್ನು ಕ್ರಮದ ಚಿಂತೆಯಿಲ್ಲ ಎಂದು ತಿಳಿದುಕೊಳ್ಳುವುದು ದೊಡ್ಡ ತಪ್ಪು. ಎಣಿಕೆ ಇರುವುದು ವರ್ಕ್_ಸ್ಟ್ರಕ್ಟ್ ಒಳಗೇ. ಆ ರಚನೆ ಇರುವ ಮೆಮೊರಿಯನ್ನು ಬಿಟ್ಟುಕೊಟ್ಟ ಮೇಲೆ ಎಣಿಕೆಯೂ ಹೋಯಿತು. ಆಗ ಇಂಟರಪ್ಟ್ ಹ್ಯಾಂಡ್ಲರ್ ಬಂದರೆ ಅದು ಬಿಟ್ಟುಕೊಟ್ಟ ಮೆಮೊರಿಯಲ್ಲೇ ಪೆಂಡಿಂಗ್ ಬಿಟ್ ಹುಡುಕುತ್ತದೆ. ಹಾಗಾಗಿ ಮೆಮೊರಿ ಬಿಡುವ ಮುಂಚೆ ಎಲ್ಲ ಮೂಲಗಳೂ ನಿಂತಿರಲೇಬೇಕು. ಡಿಸೇಬಲ್ ಕೊಡುವ ಲಾಭ ಬೇರೆ: ಮೂಲಗಳನ್ನು ಯಾವ ಸರದಿಯಲ್ಲಿ ನಿಲ್ಲಿಸಿದರೂ ಮಧ್ಯೆ ಸಂದಿ ಬೀಳುವುದಿಲ್ಲ.

ಟೈಮರ್ ಮತ್ತು ಕೆಲಸ ಒಂದನ್ನೊಂದು ಎಬ್ಬಿಸುವ ಡ್ರೈವರ್ ತೆಗೆದುಕೊಳ್ಳಿ. ಟೈಮರ್ ಕೆಲಸವನ್ನು ಹಚ್ಚುತ್ತದೆ, ಕೆಲಸ ಮುಗಿಯುವಾಗ ಟೈಮರ್ ಇಡುತ್ತದೆ. ಹಳೆಯ ಫಂಕ್ಷನ್‌ಗಳಲ್ಲಿ ಮೊದಲು ಟೈಮರ್ ಅಳಿಸಿದರೆ, ಓಡುತ್ತಿರುವ ಕೆಲಸ ಅದನ್ನು ಮತ್ತೆ ಇಡುತ್ತದೆ. ಮೊದಲು ಕೆಲಸ ರದ್ದು ಮಾಡಿದರೆ, ಟೈಮರ್ ಅದನ್ನು ಮತ್ತೆ ಹಚ್ಚುತ್ತದೆ. ಟೈಮರ್, ಕೆಲಸ, ಮತ್ತೆ ಟೈಮರ್ ಎಂದು ಮೂರು ಸಲ ಅಳಿಸುವ ಕೋಡ್ ನೋಡಿದರೆ ಬರೆದವರಿಗೆ ತೊಂದರೆ ಗೊತ್ತಿತ್ತು, ತಕ್ಕ ಸಲಕರಣೆ ಇರಲಿಲ್ಲ ಎಂದು ತಿಳಿಯಿರಿ. ಈಗ ಡಿಸೇಬಲ್_ವರ್ಕ್_ಸಿಂಕ್ ಮೊದಲು. ಆಮೇಲೆ ಟೈಮರ್ ಸಿಡಿದರೂ ಕ್ಯೂ_ವರ್ಕ್ ಫಾಲ್ಸ್ ಕೊಡುತ್ತದೆ, ಅಷ್ಟೇ. ನಂತರ ಟೈಮರ್ ಅಳಿಸಿ. ಅದನ್ನು ಮತ್ತೆ ಇಡುವ ಕೆಲಸ ಇನ್ನು ಓಡುವುದೇ ಇಲ್ಲ. ಇನ್ನೊಂದು ದಿಕ್ಕಿನಿಂದ, 2023ರ 6.2ರಲ್ಲಿ ಬಂದ ಟೈಮರ್_ಶಟ್‌ಡೌನ್_ಸಿಂಕ್ ಬಳಸಿ ಟೈಮರನ್ನೇ ಮೊದಲು ಶಾಶ್ವತವಾಗಿ ಮುಚ್ಚಿ, ಆಮೇಲೆ ಕೆಲಸಕ್ಕೆ ಬರಬಹುದು. ಅದಕ್ಕೆ ಎಣಿಕೆ ಇಲ್ಲ, ತೆರೆಯುವ ಜೋಡಿಯೂ ಇಲ್ಲ. ಟೈಮರ್ ಮತ್ತೆ ಬೇಕೆಂದರೆ ಮೊದಲಿನಿಂದ ಸೆಟಪ್ ಮಾಡಬೇಕು. ರಿಮೂವ್‌ಗೆ ಅದು ಸಾಕು, ಸಸ್ಪೆಂಡ್‌ಗೆ ಸರಿಹೋಗದು.

ಒಟ್ಟು ಕ್ರಮ ಹೀಗಿರಲಿ: ಹೊರಗಿನವರು ಬರುವ ದಾರಿ, ಅಂದರೆ ಸಾಧನದ ನೋಂದಣಿ, ಸಿಸ್‌ಎಫ್‌ಎಸ್ ಫೈಲ್‌ಗಳು, ಮೊದಲು ತೆಗೆಯಿರಿ. ನಂತರ ಸಾಧನದ ಕಡೆಯಿಂದ ಇಂಟರಪ್ಟ್ ಮಾಸ್ಕ್ ಮಾಡಿ (ಬರದಂತೆ ತಡೆದು), ಫ್ರೀ_ಐಆರ್‌ಕ್ಯೂ ಕರೆದು ಬಿಡಿಸಿ. ಅದು ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ಕಾಯುತ್ತದೆ. ಆಮೇಲೆ ಕೆಲಸಗಳ ಡಿಸೇಬಲ್, ಟೈಮರ್, ಸ್ವಂತ ವರ್ಕ್‌ಕ್ಯೂ ಇದ್ದರೆ ಡಿಸ್ಟ್ರಾಯ್, ಕೊನೆಗೆ ಮೆಮೊರಿ.

ಡೆವ್‌ಎಮ್ (ಸಾಧನ ಹೋದಾಗ ಅದರ ಸಂಪನ್ಮೂಲಗಳನ್ನು ತಾನೇ ಬಿಡುವ ಕರ್ನಲ್ ವ್ಯವಸ್ಥೆ) ಬಳಸುವವರಿಗೆ ಒಂದು ಮಾತು. 2021ರಿಂದ ಡೆವ್‌ಎಮ್_ಡಿಲೇಡ್_ವರ್ಕ್_ಆಟೊಕ್ಯಾನ್ಸಲ್ ಇದೆ. ಡೆವ್‌ಎಮ್ ಸಂಪನ್ಮೂಲಗಳು ನೋಂದಾಯಿಸಿದ್ದಕ್ಕೆ ತಿರುಗುಮುರುಗಾಗಿ ಬಿಡುಗಡೆಯಾಗುತ್ತವೆ. ಆದ್ದರಿಂದ ಆಟೊಕ್ಯಾನ್ಸಲ್ ಸಾಲು ಇಂಟರಪ್ಟ್ ಕೋರುವ ಸಾಲಿಗಿಂತ ಮೇಲಿರಬೇಕು. ಆಗ ಇಂಟರಪ್ಟ್ ಮೊದಲು ಹೋಗುತ್ತದೆ, ಕೆಲಸ ಆಮೇಲೆ. ಅರ್ಧ ಡೆವ್‌ಎಮ್, ಅರ್ಧ ಕೈಯಿಂದ ಎಂಬ ಮಿಶ್ರ ಡ್ರೈವರ್‌ಗಳಲ್ಲಿ ಈ ಸರದಿ ಕೆಡುತ್ತದೆ: ರಿಮೂವ್‌ನಲ್ಲಿ ಕೈಯಿಂದ ಬಿಡುವುದೆಲ್ಲ ಮೊದಲು, ಡೆವ್‌ಎಮ್ ಬಿಡುವುದೆಲ್ಲ ಆಮೇಲೆ. ಇಂಟರಪ್ಟ್ ಡೆವ್‌ಎಮ್‌ನಲ್ಲಿದ್ದು ಬಫರನ್ನು ನೀವು ಕೈಯಿಂದ ಬಿಟ್ಟರೆ, ಎಷ್ಟು ಡಿಸೇಬಲ್ ಹಾಕಿದರೂ ಹ್ಯಾಂಡ್ಲರ್ ಆ ಬಫರನ್ನು ಮುಟ್ಟಬಹುದು.

ಎಲ್ಲಿ ಕೈಕೊಡುತ್ತದೆ

ಮೊದಲನೆಯದು ಲಾಕ್. ಕೆಲಸದ ಫಂಕ್ಷನ್ ಒಂದು ಮ್ಯೂಟೆಕ್ಸ್ (ಕಾಯುವವರು ನಿದ್ರಿಸಬಹುದಾದ ಲಾಕ್) ಹಿಡಿಯುತ್ತದೆ. ನೀವು ಅದೇ ಮ್ಯೂಟೆಕ್ಸ್ ಹಿಡಿದುಕೊಂಡು ಸಿಂಕ್ ರೂಪ ಕರೆಯುತ್ತೀರಿ. ನೀವು ಕೆಲಸಕ್ಕೆ ಕಾಯುತ್ತೀರಿ, ಕೆಲಸ ನಿಮಗೆ ಕಾಯುತ್ತದೆ. ಇದು ಹಳೆಯ ಕ್ಯಾನ್ಸಲ್‌ನಲ್ಲೂ ಇದ್ದ ತೊಂದರೆ, ಹೊಸದು ಅದನ್ನು ಬಿಡಿಸುವುದಿಲ್ಲ. ನೆಟ್‌ವರ್ಕ್ ಡ್ರೈವರ್‌ಗಳಲ್ಲಿ ಸ್ಟಾಪ್ ಕರೆ ಆರ್‌ಟಿಎನ್‌ಎಲ್ ಎಂಬ ನೆಟ್‌ವರ್ಕ್ ವಿಭಾಗದ ಸಾಮಾನ್ಯ ಲಾಕ್ ಒಳಗೇ ಬರುತ್ತದೆ, ಆದ್ದರಿಂದ ಆರ್‌ಟಿಎನ್‌ಎಲ್ ಹಿಡಿಯುವ ಕೆಲಸವನ್ನು ಅಲ್ಲಿ ಸಿಂಕ್ ಆಗಿ ನಿಲ್ಲಿಸಬಾರದು. ಲಾಕ್ ಹಿಡಿಯುವ ಸರದಿಯನ್ನು ಪರೀಕ್ಷಿಸುವ ಲಾಕ್‌ಡೆಪ್ ಆನ್ ಇದ್ದರೆ ಕೆಲಸವನ್ನೂ ಒಂದು ಲಾಕ್ ಎಂದೇ ಎಣಿಸಿ, ನಿಜವಾಗಿ ಸಿಕ್ಕಿಕೊಳ್ಳುವ ಮುಂಚೆಯೇ ವೃತ್ತವನ್ನು ತೋರಿಸುತ್ತದೆ. ಇಲ್ಲಿ ಹೊಸ ಸೌಲಭ್ಯದಿಂದ ಒಂದು ಉಪಾಯ ಸಾಧ್ಯ: ಲಾಕ್ ಒಳಗೆ ಸಿಂಕ್ ಇಲ್ಲದ ಡಿಸೇಬಲ್_ವರ್ಕ್ ಕರೆದು ಬಾಗಿಲು ಹಾಕಿ, ಲಾಕ್ ಬಿಟ್ಟ ಮೇಲೆ ಫ್ಲಶ್_ವರ್ಕ್ ಮಾಡಿ. ಸಿಂಕ್ ಇಲ್ಲದ ರೂಪವನ್ನು ಯಾವ ಸಂದರ್ಭದಲ್ಲೂ ಕರೆಯಬಹುದು, ಹಾರ್ಡ್ ಇಂಟರಪ್ಟ್ ಒಳಗಿನಿಂದಲೂ. ಕೆಲಸದ ಫಂಕ್ಷನ್ ತನ್ನ ಮೇಲೆಯೇ ಅದನ್ನು ಕರೆದುಕೊಳ್ಳಲೂ ಅಡ್ಡಿಯಿಲ್ಲ. ಸಿಂಕ್ ರೂಪವನ್ನು ಹಾಗೆ ಕರೆದರೆ ತನಗಾಗಿ ತಾನೇ ಕಾಯುತ್ತಾ ಕೂರುತ್ತದೆ.

ಎರಡನೆಯದು ಕಾಯುವ ಹೊತ್ತು. ಡಿಸೇಬಲ್ ಆಗಲಿ ಕ್ಯಾನ್ಸಲ್ ಆಗಲಿ, ಓಡುತ್ತಿರುವ ಫಂಕ್ಷನ್ನನ್ನು ಮಧ್ಯದಲ್ಲಿ ಕಡಿಯುವುದಿಲ್ಲ. ಇಷ್ಟು ಹೊತ್ತು ಕಾದು ಬಿಟ್ಟುಬಿಡು ಎಂಬ ರೂಪವೂ ಇಲ್ಲ. ಕೆಲಸ ಒಳಗೆ ಫರ್ಮ್‌ವೇರ್ ಉತ್ತರಕ್ಕೆ ಕಾಯುತ್ತಿದ್ದು, ಸಾಧನವನ್ನು ಯಾರೋ ಕಿತ್ತಿದ್ದರೆ, ರಿಮೂವ್ ಕೂಡ ಅಲ್ಲೇ ನಿಲ್ಲುತ್ತದೆ. ವಾಡಿಕೆಯ ಸೆಟ್ಟಿಂಗ್‌ನಲ್ಲಿ 120 ಸೆಕೆಂಡ್ ದಾಟಿದರೆ ಹಂಗ್ ಟಾಸ್ಕ್ ಎಚ್ಚರಿಕೆ ಲಾಗ್‌ಗೆ ಬೀಳುತ್ತದೆ. ಉದ್ದದ ಲೂಪ್ ಇರುವ ಕೆಲಸದಲ್ಲಿ ನಿಲ್ಲಬೇಕೆಂಬ ಫ್ಲ್ಯಾಗನ್ನು ಪ್ರತಿ ಸುತ್ತಿಗೂ ನೋಡಿ, ಕಾಯುವ ಜಾಗವನ್ನು ಕಂಪ್ಲೀಷನ್ ಅಥವಾ ವೇಟ್‌ಕ್ಯೂ ಮೇಲೆ ಇಟ್ಟು, ರಿಮೂವ್‌ನಲ್ಲಿ ಫ್ಲ್ಯಾಗ್ ಏರಿಸಿ ಎಬ್ಬಿಸಿ, ಆಮೇಲೆ ಡಿಸೇಬಲ್_ವರ್ಕ್_ಸಿಂಕ್ ಕರೆಯಬೇಕು. ಆ ಫ್ಲ್ಯಾಗ್ ಉಳಿಯಬೇಕು ಎಂದದ್ದು ಇದಕ್ಕೆ.

ಮೂರನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ರಿವ್ಯೂ ಮಾಡುವವರ ಕಣ್ಣಿಗೂ ಇದು ಸುಲಭಕ್ಕೆ ಬೀಳುವುದಿಲ್ಲ. ರದ್ದತಿ ನಡೆಯುತ್ತಿರುವ ಹೊತ್ತನ್ನು ಬಿಟ್ಟರೆ, ಕ್ಯೂ_ವರ್ಕ್ ಫಾಲ್ಸ್ ಕೊಟ್ಟಾಗ ಇಷ್ಟು ವರ್ಷ ಒಂದೇ ಅರ್ಥ: ಕೆಲಸ ಆಗಲೇ ಸಾಲಿನಲ್ಲಿದೆ, ನಿಮ್ಮ ಪರವಾಗಿ ಅದು ಓಡುತ್ತದೆ. ಈಗ ಇನ್ನೊಂದು ಅರ್ಥ ಸೇರಿದೆ: ಬಾಗಿಲು ಹಾಕಿದೆ, ಓಡುವುದೇ ಇಲ್ಲ. ಹಚ್ಚಿ, ಮುಗಿಯುವ ಸೂಚನೆಗೆ ಕಾಯುತ್ತಾ ಕೂರುವ ಕೋಡ್ ಇದ್ದರೆ ಅದು ಎಂದೆಂದಿಗೂ ಕಾಯುತ್ತದೆ. ರೆಫರೆನ್ಸ್ ಎಣಿಕೆಯ (ಒಂದು ರಚನೆಯನ್ನು ಎಷ್ಟು ಕಡೆ ಹಿಡಿದಿದ್ದಾರೆ ಎಂಬ ಲೆಕ್ಕದ) ವಿಷಯವೂ ಹೀಗೆಯೇ. ಹಚ್ಚುವ ಮುಂಚೆ ಒಂದು ರೆಫರೆನ್ಸ್ ಹಿಡಿದು, ಕೆಲಸದ ಕೊನೆಯಲ್ಲಿ ಬಿಡುವ ಪದ್ಧತಿ ಇದ್ದರೆ ಮೂರು ಕಡೆ ಲೆಕ್ಕ ಕೂಡಬೇಕು. ಕ್ಯೂ_ವರ್ಕ್ ಫಾಲ್ಸ್ ಕೊಟ್ಟರೆ ಹಿಡಿದದ್ದನ್ನು ಅಲ್ಲೇ ಬಿಡಬೇಕು. ಕೆಲಸ ಓಡಿದರೆ ಅದರ ಕೊನೆಯಲ್ಲಿ ಬಿಡಬೇಕು. ಡಿಸೇಬಲ್ ಅಥವಾ ಕ್ಯಾನ್ಸಲ್ ಟ್ರೂ ಕೊಟ್ಟರೆ ಸಾಲಿನಲ್ಲಿ ಕಾಯುತ್ತಿದ್ದ ಕೆಲಸವನ್ನು ಕಸಿದುಕೊಂಡಿದೆ ಎಂದರ್ಥ, ಅದು ಓಡುವುದಿಲ್ಲ, ಆದ್ದರಿಂದ ಅದರ ಪರವಾಗಿ ರದ್ದು ಮಾಡಿದವರೇ ಬಿಡಬೇಕು. ಈ ಮೂರನೆಯದನ್ನು ಮರೆತರೆ ಲೀಕ್. ಹಿಂದಿರುಗಿದ ಬೆಲೆ (ಟ್ರೂ ಅಥವಾ ಫಾಲ್ಸ್) ನೋಡದೆ ರೆಫರೆನ್ಸ್ ಬಿಟ್ಟರೆ ಅದಕ್ಕಿಂತ ಕೆಟ್ಟದ್ದು, ಎರಡು ಸಲ ಬಿಟ್ಟಂತೆ.

ತಾತ್ಕಾಲಿಕ ಡಿಸೇಬಲ್‌ಗೂ ಇದೇ ಎಚ್ಚರ. ಡಿಸೇಬಲ್ ಆಗಿದ್ದಾಗ ಬಂದ ಹಚ್ಚುವ ಕರೆಗಳು ಎಲ್ಲೂ ಕೂಡಿಟ್ಟಿರುವುದಿಲ್ಲ, ಕಳೆದುಹೋಗುತ್ತವೆ. ಟಾಸ್ಕ್‌ಲೆಟ್‌ನಿಂದ (ಇಂಟರಪ್ಟ್ ಬೆನ್ನಿಗೇ ಕೆಲಸ ಓಡಿಸುವ ಹಳೆಯ ವ್ಯವಸ್ಥೆಯಿಂದ) ಬರುವವರು ಇಲ್ಲಿ ಎಡವುತ್ತಾರೆ. ಟಾಸ್ಕ್‌ಲೆಟ್‌ನ ಡಿಸೇಬಲ್‌ಗೂ ಎಣಿಕೆ ಇದೆ, ಆದರೆ ಆ ಮಧ್ಯೆ ಸ್ಕೆಡ್ಯೂಲ್ ಆದದ್ದು ಉಳಿದುಕೊಂಡು ಎನೇಬಲ್ ಆದ ಮೇಲೆ ಓಡುತ್ತದೆ. 6.9ರಲ್ಲಿ ಬಂದ, ಟಾಸ್ಕ್‌ಲೆಟ್‌ನಂತೆಯೇ ನಿದ್ರಿಸದೆ ಓಡುವ ಬಿಎಚ್ ವರ್ಕ್‌ಕ್ಯೂಗೆ ಟಾಸ್ಕ್‌ಲೆಟ್ ಕೋಡನ್ನು ಸಾಗಿಸುವಾಗ ಈ ವ್ಯತ್ಯಾಸವನ್ನು ತುಂಬಲೆಂದೇ ಎನೇಬಲ್_ಅಂಡ್_ಕ್ಯೂ_ವರ್ಕ್ ಇದೆ: ಎಣಿಕೆ ಸೊನ್ನೆಗೆ ಬಂದರೆ ಕೆಲಸವನ್ನು ಹಚ್ಚಿಯೇ ಹಚ್ಚುತ್ತದೆ. ಮಧ್ಯೆ ಏನಾದರೂ ಬಂದಿದ್ದರೆ ಮಾತ್ರ ಓಡಬೇಕು ಎಂದಿದ್ದರೆ ಆ ಗುರುತನ್ನು ನೀವೇ ಇಟ್ಟುಕೊಳ್ಳಬೇಕು. ಸುಮ್ಮನೆ ಒಂದು ಸಲ ಹೆಚ್ಚಿಗೆ ಓಡಿದರೆ ತೊಂದರೆಯಿಲ್ಲದ ಹಾಗೆ ಕೆಲಸದ ಫಂಕ್ಷನ್ ಬರೆಯುವುದೇ ಒಳ್ಳೆಯದು.

ಜೋಡಿ ತಪ್ಪುವುದು ಹೆಚ್ಚಾಗಿ ಸಸ್ಪೆಂಡ್‌ನಲ್ಲಿ. ಡಿಸೇಬಲ್ ಮಾಡಿದ ಮೇಲೆ ಸಸ್ಪೆಂಡ್‌ನ ಮುಂದಿನ ಹೆಜ್ಜೆ ಕೆಟ್ಟು ಎರರ್ ಹಿಂದಿರುಗಿಸಿದರೆ, ಆ ದಾರಿಯಲ್ಲೂ ಎನೇಬಲ್ ಬೇಕು. ಮರೆತರೆ ಎಣಿಕೆ ಒಂದರಲ್ಲೇ ನಿಂತು ಸಾಧನ ಮೌನವಾಗುತ್ತದೆ. ಎನೇಬಲ್_ವರ್ಕ್ ಎಣಿಕೆ ಸೊನ್ನೆಗೆ ಬಂದಾಗ ಮಾತ್ರ ಟ್ರೂ ಕೊಡುತ್ತದೆ; ಅಭಿವೃದ್ಧಿಯ ಹಂತದಲ್ಲಿ ರೆಸ್ಯೂಮ್‌ನಲ್ಲಿ ಅದನ್ನು ಪರೀಕ್ಷಿಸಿ ಒಂದು ಎಚ್ಚರಿಕೆ ಮುದ್ರಿಸಿಕೊಂಡರೆ ಇಂಥವು ಮೊದಲ ದಿನವೇ ಸಿಗುತ್ತವೆ. ಎಣಿಕೆಯ ಮಿತಿ 65,536ರ ಸುಮಾರು, ಅಲ್ಲಿಗೆ ಮುಟ್ಟುವ ಕೋಡ್ ಬರೆದಿದ್ದರೆ ತಪ್ಪು ಬೇರೆಲ್ಲೋ ಇದೆ.

ಸಣ್ಣ ಸಂಗತಿಗಳು: ಡಿಲೇಡ್ ವರ್ಕ್‌ನ ಒಳಗಿನ ವರ್ಕ್ ಅಂಗವನ್ನು ಎತ್ತಿ ಸಾಮಾನ್ಯ ರೂಪಕ್ಕೆ ಕೊಡಬೇಡಿ, ಅದರ ಟೈಮರ್ ಹಾಗೇ ಉಳಿಯುತ್ತದೆ. ಕೆಥ್ರೆಡ್_ವರ್ಕ್‌ನದು ಬೇರೆಯೇ ವ್ಯವಸ್ಥೆ, ಇಲ್ಲಿ ಹೇಳಿದ ಫಂಕ್ಷನ್‌ಗಳು ಅದಕ್ಕಲ್ಲ. ಆರ್‌ಸಿಯು_ವರ್ಕ್‌ಗೆ ಫ್ಲಶ್ ಉಂಟು, ರದ್ದತಿ ಇಲ್ಲ.

ಪರೀಕ್ಷೆ

ಕೇಸ್ಯಾನ್ (ತಪ್ಪು ಮೆಮೊರಿ ಮುಟ್ಟಿದ್ದನ್ನು ಹಿಡಿಯುವ ಸಲಕರಣೆ), ಲಾಕ್‌ಡೆಪ್, ಡೀಬಗ್ ಆಬ್ಜೆಕ್ಟ್ಸ್‌ನ ವರ್ಕ್ ಮತ್ತು ಫ್ರೀ ಆಯ್ಕೆಗಳು, ಈ ನಾಲ್ಕೂ ಆನ್ ಇರುವ ಕರ್ನಲ್ ಕಟ್ಟಿಕೊಳ್ಳಿ. ಕೊನೆಯೆರಡು ಸೇರಿದರೆ, ಇನ್ನೂ ಸಾಲಿನಲ್ಲಿರುವ ಕೆಲಸದ ಮೆಮೊರಿಯನ್ನು ಬಿಟ್ಟುಕೊಟ್ಟ ಕ್ಷಣದಲ್ಲೇ ಹಿಡಿಯುತ್ತವೆ. ಕೇಸ್ಯಾನ್ ಮಾತ್ರ ಇದ್ದರೆ ಆ ಮೆಮೊರಿಯನ್ನು ಯಾರಾದರೂ ಮುಟ್ಟುವವರೆಗೆ ಕಾಯಬೇಕು. ಸಾಧನದ ಮೇಲೆ ಟ್ರಾಫಿಕ್ ಓಡಿಸುತ್ತಾ, ಸಿಸ್‌ಎಫ್‌ಎಸ್‌ನ ಅನ್‌ಬೈಂಡ್ ಮತ್ತು ಬೈಂಡ್ ಫೈಲ್‌ಗಳಿಗೆ ಸಾಧನದ ಹೆಸರು ಬರೆಯುವ ಲೂಪನ್ನು ರಾತ್ರಿಯಿಡೀ ಬಿಡಿ. ಅಷ್ಟಕ್ಕೂ ಬಗ್ ಕಾಣದಿದ್ದರೆ ಸಂದಿಯನ್ನು ಕೈಯಿಂದ ಅಗಲ ಮಾಡಿ: ಹಳೆಯ ಕೋಡ್‌ನಲ್ಲಿ ಕ್ಯಾನ್ಸಲ್ ಮತ್ತು ಇಂಟರಪ್ಟ್ ಬಿಡಿಸುವ ಸಾಲುಗಳ ನಡುವೆ 50 ಮಿಲಿಸೆಕೆಂಡ್ ಎಮ್‌ಸ್ಲೀಪ್, ಕೆಲಸದ ಫಂಕ್ಷನ್‌ನ ಮೊದಲ ಸಾಲಿನಲ್ಲಿ 200 ಮಿಲಿಸೆಕೆಂಡ್ ಹಾಕಿ. ಮೈಕ್ರೊಸೆಕೆಂಡ್ ಅಗಲದ ಸಂದಿ ಬಾಗಿಲಿನಷ್ಟು ಅಗಲವಾಗಿ, ಹಳೆಯ ಕೋಡ್ ಬೇಗನೆ ಬೀಳುತ್ತದೆ. ಹೊಸ ಕೋಡ್‌ಗೂ ಅದೇ ಎಮ್‌ಸ್ಲೀಪ್ ಹಾಕಿ ಓಡಿಸಿ. ಹಳೆಯದು ಬಿದ್ದದ್ದನ್ನು ಕಾಣದೆ ಹೊಸದು ಸರಿಯಾಗಿದೆ ಎಂದು ಪ್ಯಾಚ್ ಕಳಿಸಬೇಡಿ.

ಬೆಲೆಯ ಮಾತು

ದಾಖಲೆ ಚೆನ್ನಾಗಿದೆ, ಆದರೆ ಇರುವ ಜಾಗ ಬೇರೆ. ಕೋರ್ ಎಪಿಐ ದಾಖಲೆಯ ವರ್ಕ್‌ಕ್ಯೂ ಅಧ್ಯಾಯಕ್ಕಿಂತ ಫಂಕ್ಷನ್‌ಗಳ ತಲೆಯ ಮೇಲಿನ ಟಿಪ್ಪಣಿಗಳೇ ಪೂರ್ಣ. ಯಾವುದನ್ನು ಯಾವ ಸಂದರ್ಭದಲ್ಲಿ ಕರೆಯಬಹುದು, ಹಿಂದಿರುಗುವ ಬೆಲೆಯ ಅರ್ಥವೇನು ಎಂಬುದು ಅಲ್ಲಿ ತಪ್ಪಿಲ್ಲದೆ ಇದೆ. ಉದಾಹರಣೆಗೆ, ಸಿಂಕ್ ರೂಪಕ್ಕೆ ನಿದ್ರಿಸಬಹುದಾದ ಸಂದರ್ಭ ಬೇಕು, ಆದರೆ ಕೆಲಸವನ್ನು ಕೊನೆಯ ಸಲ ಹಚ್ಚಿದ್ದು ಬಿಎಚ್ ವರ್ಕ್‌ಕ್ಯೂ ಮೇಲಾದರೆ ಹಾರ್ಡ್ ಇಂಟರಪ್ಟ್ ಅಲ್ಲದ ಅಟಾಮಿಕ್ (ನಿದ್ರಿಸುವಂತಿಲ್ಲದ) ಸಂದರ್ಭದಲ್ಲೂ ನಡೆಯುತ್ತದೆ ಎಂಬ ಸೂಕ್ಷ್ಮ ಅಲ್ಲೇ ಸಿಗುವುದು.

ನಿಜವಾದ ತೊಡಕು ಹಳೆಯ ಕರ್ನಲ್‌ಗಳದ್ದು. 6.1, 6.6 ದೀರ್ಘಾವಧಿ ಸಾಲುಗಳು (ವರ್ಷಗಟ್ಟಲೆ ತಿದ್ದುಪಡಿ ಪಡೆಯುವ ಆವೃತ್ತಿಗಳು) ಈ ಬದಲಾವಣೆಗಿಂತ ಮುಂಚೆ ಕವಲೊಡೆದವು; ದೀರ್ಘಾವಧಿ ಸಾಲುಗಳಲ್ಲಿ ಇದನ್ನು ಹುಟ್ಟಿನಿಂದಲೇ ಹೊತ್ತು ಬಂದ ಮೊದಲನೆಯದು 6.12. ಕಾರ್ಖಾನೆ, ವಾಹನ, ಸೆಟ್‌ಟಾಪ್ ಪೆಟ್ಟಿಗೆಗಳಲ್ಲಿ ಓಡುವ ಕರ್ನಲ್ ಮರಗಳು (ಕೋಡ್‌ನ ಪ್ರತಿಗಳು) ಇನ್ನೂ ಹಳೆಯವು. ಅಲ್ಲಿಗೆ ಸಾಗಿಸಬೇಕಾದ ಸುರಕ್ಷತೆಯ ತಿದ್ದುಪಡಿಯನ್ನು ಡಿಸೇಬಲ್ ಮೇಲೆ ಕಟ್ಟಿದರೆ ಕಂಪೈಲ್ ಆಗುವುದಿಲ್ಲ. ಅವಸರದಲ್ಲಿ ಡಿಸೇಬಲ್ ತೆಗೆದು ಕ್ಯಾನ್ಸಲ್ ಹಾಕಿದರೆ ಕಂಪೈಲ್ ಆಗುತ್ತದೆ, ಬಗ್ ಮಾತ್ರ ಹಾಗೇ ಉಳಿಯುತ್ತದೆ. ಆದ್ದರಿಂದ ಪ್ಯಾಚನ್ನು ಎರಡಾಗಿ ಕತ್ತರಿಸಿ. ಮೊದಲನೆಯದರಲ್ಲಿ ಮೂಲಗಳನ್ನು ನಿಲ್ಲಿಸುವ ಕ್ರಮವನ್ನಷ್ಟೇ ಸರಿಪಡಿಸಿ, ಹಳೆಯ ಕ್ಯಾನ್ಸಲ್ ಫಂಕ್ಷನ್‌ಗಳಲ್ಲೇ. ಅದು ಎಲ್ಲ ಮರಗಳಿಗೂ ಹೋಗುತ್ತದೆ. ಕ್ರಮದಿಂದ ಬಿಡಿಸಲಾಗದ ವೃತ್ತಗಳಿಗೆ ಹಳೆಯ ಮರದಲ್ಲಿ ಲಾಕ್ ಒಳಗಿನ ಫ್ಲ್ಯಾಗೇ ಗತಿ. ಎರಡನೆಯ ಪ್ಯಾಚ್‌ನಲ್ಲಿ ಡಿಸೇಬಲ್ ತಂದು ಫ್ಲ್ಯಾಗ್ ತೆಗೆಯಿರಿ, ಕಮಿಟ್ ಸಂದೇಶದಲ್ಲಿ 6.10 ಬೇಕು ಎಂದು ಬರೆಯಿರಿ. ಸಾಗಿಸುವವರು ತಮ್ಮ ಮರದ ವರ್ಕ್‌ಕ್ಯೂ.ಎಚ್ ತೆರೆದು ಡಿಸೇಬಲ್_ವರ್ಕ್_ಸಿಂಕ್ ಇದೆಯೇ ಎಂದು ಮೊದಲು ನೋಡಿಕೊಳ್ಳಲಿ.